ಬಾಗಿಲ ಪಕ್ಕದ ಮೇನ್ ಸ್ವಿಚ್

ಕೊಂಡಾಪುರದಲ್ಲಿ ಗೋಡೆಗೆ ಗೋಡೆ ಅಂಟಿದ ನಮ್ಮ ನಾಲ್ಕು ಮನೆಗಳಿಗೆ ವೈರಿಂಗ್ ಮಾಡಿದವರು ಕಲಬುರಗಿ ಕಡೆಯ ಒಬ್ಬ ಎಲೆಕ್ಟ್ರಿಷಿಯನ್. ಕಿವಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಮಾತಿಗೊಮ್ಮೆ "ಕೈಗೆ ಸಿಗಬೇಕ್ರಿ" ಅನ್ನುತ್ತಿದ್ದರು.

ಮುಂಭಾಗದ ಅಂದ ಕೆಡುತ್ತದೆಂದು ಬಿಲ್ಡರ್ ನಾಲ್ಕೂ ಮೇನ್ ಸ್ವಿಚ್ಚುಗಳನ್ನು ಮೊದಲ ಮನೆಯೊಳಗೆ ಹಾಕಲು ಹೇಳಿದ.

ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. "ಆ ಮನಿಯವರು ಕೀಲಿ ಹಾಕ್ಕೊಂಡು ಆಫೀಸಿಗೆ ಹೋದ್ರ ಉಳಿದವರ ಕರೆಂಟ್ ಯಾರು ಬಂದ್ ಮಾಡಬೇಕ್ರಿ? ನಿಯಮಕ್ಕೂ ಕೂಡಂಗಿಲ್ಲ."

ಬೇಗ ಮನೆ ಸೇರುವ ಅವಸರದಲ್ಲಿ ನಾವೂ ಬಿಲ್ಡರ್ ಪರವೇ ಇದ್ದೆವು. ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾಲ್ಕು ದಿನ ಕೆಲಸ ನಿಂತಿತು. ಕೊನೆಗೆ ಸ್ವಿಚ್ಚುಗಳು ಹೊರಗೆ, ಆಯಾ ಮನೆಯ ಬಾಗಿಲ ಪಕ್ಕಕ್ಕೇ ಬಂದವು.

ಅಷ್ಟಕ್ಕೇ ಅವರು ಬಿಡಲಿಲ್ಲ. ಮನೆಯವರೆಲ್ಲ ಕಣ್ಣು ಮುಚ್ಚಿ ಅಡುಗೆಮನೆಯಿಂದ ನಡೆದುಬಂದು ತಮ್ಮ ಸ್ವಿಚ್ ಆಫ್ ಮಾಡಿ ತೋರಿಸಿದ ಮೇಲೇ ಕರೆಂಟ್ ಕೊಟ್ಟರು. ಮಿಕ್ಸರ್ ಮುಟ್ಟಲೂ ಹೆದರುತ್ತಿದ್ದ ನನ್ನ ಅಮ್ಮನನ್ನು, "ಹೊಗಿ ತುಂಬಿದ್ರ ಹಿಂಗ ಇರತೈತ್ರಿ, ಅಮ್ಮಾ" ಎಂದು ಮೂರು ಸಲ ನಡೆಸಿದರು. ನಾವು ನಕ್ಕೆವು.

ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಅಮ್ಮ ನನ್ನ ಆಫೀಸಿಗೆ ಫೋನ್ ಮಾಡಿದಳು.

"ಗೀಸರ್ ವೈರ್ ಸುಟ್ಟು ಮನೆಯೆಲ್ಲ ಹೊಗೆ ಕಣೋ. ನಾನು ಕಣ್ಣು ಬಿಡೋಕೇ ಹೋಗಲಿಲ್ಲ. ಅವರು ನಡೆಸಿದ ಹಾಗೇ ನಡೆದೆ. ಕೈಗೆ ಸಿಕ್ತು."