ಮಡುವಿಗೆ ಹಾರಿದ್ದು ಯಾರು

ತುಂಬಿದ ಸಭೆಯಲ್ಲಿ ನಮ್ಮ ಮಾವನವರಿಂದ ಸುಳ್ಳು ಹೇಳಿಸಿದವಳು ನಾನು. ಮೈಸೂರಿನಲ್ಲಿ ಬದುಕಿಡೀ ಮಕ್ಕಳಿಗೆ ಈಜು ಕಲಿಸಿದ ಮನುಷ್ಯ — ನೀರಿನ ಆಳ ಎಷ್ಟೆಂದು ಕೇಳಿದರೆ, ಹೆದರುವ ಮಗುವಿಗೂ ಇದ್ದದ್ದನ್ನೇ ಹೇಳುತ್ತಿದ್ದವರು.

ರಿಸೆಷನ್ನಿನ ಕಾಲ. ಕೆಲಸ ಹೋಗಿದ್ದ ನನ್ನ ಗಂಡ ಬೋಲಿಂಗ್‌ಬ್ರೂಕಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಕಂಡಕಂಡಲ್ಲಿಗೆ ಅಪ್ಲೈ ಮಾಡುತ್ತಿದ್ದರು. ಮಾವ ನಮ್ಮ ಜೊತೆ ಸ್ವಲ್ಪ ದಿನ ಇರಲು ಬಂದಿದ್ದರು. ಆಗಲೇ ಪಕ್ಕದ ಊರು ಡೌನರ್ಸ್ ಗ್ರೋವ್‌ನ ಹಳೆಯ ಥಿಯೇಟರಿಗೆ ಒಬ್ಬ ಇಂಗ್ಲಿಷ್ ನಟ ಬರುವ ಸುದ್ದಿ ಪೇಪರಿನಲ್ಲಿ ಬಂತು. ಅಲ್ಲಿನ ಲಾರ್ಡ್ ಮನೆತನದವರು. ಸಿನಿಮಾ ಸೇರಿದ್ದಕ್ಕೆ ಅಪ್ಪ ಮನೆಯಿಂದ ಹೊರಗೆ ಹಾಕಿದ್ದರಂತೆ. ಹರೆಯದಲ್ಲಿ ಸೈನ್ಯಾಧಿಕಾರಿಯ ಪಾತ್ರಗಳಲ್ಲಿ ಮೆರೆದು, ಆಮೇಲೆ ಬಟ್ಲರ್ ಪಾತ್ರಗಳಿಗೆ ಇಳಿದು, ಈಗ ಊರೂರಿಗೆ ಹೋಗಿ ತಮ್ಮ ಹಳೆಯ ಚಿತ್ರ ತೋರಿಸಿ ಮಾತಾಡುತ್ತಿದ್ದರು. ಅದರಲ್ಲಿ ಅವರು ಬಂಡೆಯ ಮೇಲಿಂದ ಕಾವೇರಿಯ ಮಡುವಿಗೆ ಹಾರುವ ದೃಶ್ಯವೇ ಹೆಸರುವಾಸಿ.

ಪೇಪರು ಓದಿದ ಮಾವ ಅಡುಗೆಮನೆಗೆ ಬಂದರು. ಅವರ ಬದಲು ಹಾರಿದ್ದು ತಾವು ಎಂದರು. ಹಾರುವಾಗ ಕಾಲು ಮುರಿದು ತಾವು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ನಟ ಮಂಚದ ಪಕ್ಕ ಕೂತು, 'ನನ್ನನ್ನು ಹೇಡಿ ಎಂದ ಅಪ್ಪನಿಗೆ ಈ ಚಿತ್ರ ತೋರಿಸಬೇಕು, ದಯವಿಟ್ಟು ಯಾರಿಗೂ ಹೇಳಬೇಡ' ಎಂದು ಕೇಳಿಕೊಂಡಿದ್ದರಂತೆ. ಮಾವ ಕುಂಟುವುದು ಏಕೆಂದು ನಮ್ಮ ಅತ್ತೆಗೂ ಗೊತ್ತಿರಲಿಲ್ಲ.

"ದೂರದಿಂದ ಒಂದ್ಸಲ ನೋಡ್ಬೇಕು, ಕರ್ಕೊಂಡು ಹೋಗ್ತೀಯಾ? ಆದ್ರೆ ಯಾರಿಗೂ ಹೇಳಲ್ಲ ಅಂತ ಭಾಷೆ ಕೊಡಮ್ಮ," ಎಂದು ಅಂಗೈ ಚಾಚಿದರು. ನನ್ನ ಕೈತುಂಬ ಚಪಾತಿ ಹಿಟ್ಟು. "ಆಯ್ತು ಬಿಡಿ ಮಾವ," ಎಂದೆ. ಕೈ ಮೇಲೆ ಕೈ ಇಡಲಿಲ್ಲವಲ್ಲ — ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಂಥ ವಕೀಲಿ ಬುದ್ಧಿ!

ಥಿಯೇಟರಿನಲ್ಲಿ ನಮ್ಮ ಕನ್ನಡದವರೂ ಇದ್ದರು. "ಕೆಲ್ಸ ಏನಾದ್ರೂ ಸಿಕ್ತಾ ನಿಮ್ಮೋರಿಗೆ? ಪಾಪ!" ಎಂದರು ಒಬ್ಬರು. ಆ 'ಪಾಪ' ಕೇಳಿ ಮೈ ಉರಿಯಿತು. ನಮ್ಮ ಮನೆಯಲ್ಲೂ ಒಬ್ಬರು ದೊಡ್ಡವರಿದ್ದಾರೆಂದು ತೋರಿಸಬೇಕಿತ್ತು — ಅಷ್ಟೇ. ಸಿನಿಮಾ ಮುಗಿದು, ಪ್ರಶ್ನೆ ಕೇಳಿ ಎಂದಾಗ ಎದ್ದು ನಿಂತೆ.

"ಹಾರಿದ್ದು ನೀವಲ್ಲ, ನಮ್ಮ ಮಾವ. ಇಲ್ಲೇ ಕೂತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ನಟ ಮಾವನನ್ನೇ ನೋಡಿದರು. ಕೈಯಲ್ಲಿದ್ದ ಮೈಕು ಎತ್ತಿದರು. ಅವರು ಬಾಯಿ ತೆರೆಯುವ ಮೊದಲೇ ಮಾವ ಎದ್ದು, ತಮ್ಮ ಹರುಕು ಇಂಗ್ಲಿಷಿನಲ್ಲಿ, "ಇಲ್ಲ ಸರ್. ಮನೇಲಿ ನಾನು ಸುಮ್ನೆ ಜಂಬ ಕೊಚ್ಚಿದ್ದೆ. ಹಾರಿದ್ದು ನೀವೇ," ಎಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು.

ಕಾರಿನಲ್ಲಿ ಮಾವ ಬೈಯಲಿಲ್ಲ. "ಅಷ್ಟು ದೊಡ್ಡ ಮನೆತನ. ಈಗ ಅವ್ರ ಹತ್ರ ಉಳಿದಿರೋದು ಅದೊಂದು ಹಾರಿದ್ದೇ ಕಣಮ್ಮ," ಎಂದು ಕಿಟಕಿಯ ಕಡೆ ತಿರುಗಿದರು. ಮಾವ ಮೈಸೂರಿಗೆ ಮರಳುವವರೆಗೂ ನಮ್ಮ ಜನರ ಬಾಯಲ್ಲಿ 'ಬುರುಡೆ ಅಂಕಲ್' ಆದರು. ಕರೆದರೆ ನಕ್ಕು ಓಗೊಡುತ್ತಿದ್ದರು. "ಅಪ್ಪ ಯಾಕೆ ಹೀಗೆ ಮಾನ ಕಳೆದ್ರು?" ಎಂದು ನನ್ನ ಗಂಡ ಕೇಳಿದಾಗಲೂ ನಾನು — ಮಾತು ಉಳಿಸಿಕೊಳ್ಳುವವಳಂತೆ ಸುಮ್ಮನಿದ್ದೆ.

ಈಗ ಆ ನಟನೂ ಇಲ್ಲ, ಮಾವನೂ ಇಲ್ಲ. ನಟನ ಹೆಸರು ಇಲ್ಲಿ ಬರೆದಿಲ್ಲ. ಕೊಟ್ಟ ಮಾತಿನಲ್ಲಿ ಅಷ್ಟಾದರೂ ಉಳಿಯಲಿ. ಇದನ್ನು ಮೊದಲು ನನ್ನ ಗಂಡನ ಕೈಗೆ ಕೊಡುತ್ತೇನೆ. ಓದಿ. ನಿಮ್ಮಪ್ಪ ಬುರುಡೆ ಬಿಟ್ಟದ್ದು ಒಂದೇ ಸಲ — ಅದೂ ನನ್ನಿಂದ.