ಹಗ್ಗ ಬಿಚ್ಚಿ ನೋಡುವ ಅಪ್ಪಯ್ಯಣ್ಣ

ನಮ್ಮಣ್ಣ ಅಪ್ಪಯ್ಯಣ್ಣನ ಹೆಸರು ಕೇಳಿದರೆ ನೆಲಮಂಗಲದಿಂದ ದೊಡ್ಡಬಳ್ಳಾಪುರದವರೆಗೆ ಗಂಡು ಹೆತ್ತವರಿಗೆ ಇವತ್ತಿಗೂ ಪುಕುಪುಕು ಅನ್ನುತ್ತದೆ. ಅವನೇನು ಪೊಲೀಸಲ್ಲ, ಲಾಯರಲ್ಲ. ಎರಡೂವರೆ ಎಕರೆಯಲ್ಲಿ ರಾಗಿ ಬೆಳೆದು, ಎರಡು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವ ಮನುಷ್ಯ. ಆದರೆ ನಮ್ಮ ಕಡೆ ಯಾರ ಮನೆಯ ಹೆಣ್ಣಿಗೆ ಸಂಬಂಧ ಕೂಡಿಬಂದರೂ, ಗಂಡಿನ ಮನೆ ನೋಡಲು ಹೋಗುವ ದಿನ ಇವನನ್ನು ಮುಂದಿಟ್ಟುಕೊಂಡೇ ಹೋಗುವುದು.

ಹಿಂದೆ ಹೆಣ್ಣಿನ ಕಡೆಯವರು ಬರುತ್ತಾರೆಂದರೆ ಕೊಟ್ಟಿಗೆ ತುಂಬಿ ಕಾಣಲಿ ಎಂದು ಪಕ್ಕದ ಮನೆಯ ಹಸು ತಂದು ಕಟ್ಟುವವರಿದ್ದರು. ಅಪ್ಪಯ್ಯಣ್ಣ ಕಾಫಿ ಕುಡಿದು, ಹಿತ್ತಲಿಗೆ ಹೋಗಿ ಬರುತ್ತೇನೆಂದು ಎದ್ದು, ಹಸುವಿನ ಹಗ್ಗ ಬಿಚ್ಚಿಬಿಡುತ್ತಿದ್ದ. ಆ ಮನೆಯದೇ ಹಸುವಾದರೆ ಅಲ್ಲೇ ಹುಲ್ಲು ತಿನ್ನುತ್ತಾ ನಿಲ್ಲುತ್ತದೆ. ಎರವಲಿನದಾದರೆ ಬೀದಿಗಿಳಿದು ತನ್ನ ಮನೆಗೆ ನಡೆಯುತ್ತದೆ. ಹೀಗೆ ಏಳು ಸಂಬಂಧ ಮುರಿದಿದ್ದಾನೆ. ಈಗ ಹಸುವಿನ ಬದಲು ಬಾಗಿಲಲ್ಲಿ ಕಾರು ನಿಲ್ಲಿಸುತ್ತಾರೆ. ಅದಕ್ಕೂ ಇವನ ಹತ್ತಿರ ಮದ್ದಿದೆ. "ಇಂಜಿನ್ ಒಸಿ ನೋಡಾಣ, ಬಾನೆಟ್ ತೆಗಿಯಪ್ಪಾ" ಅನ್ನುತ್ತಾನೆ. ಸ್ವಂತ ಕಾರಿನವನು ನೋಡದೆಯೇ ಕೈ ಹಾಕಿ ಬಾನೆಟ್ ಲಿವರ್ ಎಳೆಯುತ್ತಾನೆ, ಬಾಡಿಗೆಗೆ ತಂದವನು ಸ್ಟೇರಿಂಗ್ ಕೆಳಗೆ ತಡಕಾಡುತ್ತಾನೆ.

ನನ್ನ ಮದುವೆಗೆ ಗಂಡಿನ ಮನೆ ನೋಡಲೂ ಇವನೇ ಹೋಗಿದ್ದು. ಹಗ್ಗ ಬಿಚ್ಚಿದ, ಹಸು ಅಲ್ಲೇ ನಿಂತಿತು. ಗಂಡ ನಿಲ್ಲಲಿಲ್ಲ. ಮಗಳು ಸಿಂಚನಾಗೆ ಮೂರು ವರ್ಷವಾಗಿದ್ದಾಗ ಲಾರಿ ಲೋಡಿನ ಜೊತೆ ಪುಣೆಗೆ ಹೋಗಿಬರುತ್ತೇನೆ ಎಂದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವತ್ತಿನಿಂದ ನಾನು ಹೆದ್ದಾರಿ ಪಕ್ಕದ ಗೋಡೌನಿನಲ್ಲಿ ಪ್ಯಾಕಿಂಗ್ ಮಾಡಿ ಮಗಳನ್ನು ಸಾಕಿದೆ. ಯಾರಾದರೂ ನಗುನಗುತ್ತಾ ಮಾತಾಡಿಸಿದರೆ ಇವನಿಗೇನು ಬೇಕಾಗಿದೆ ಎಂದು ಮೊದಲು ಯೋಚಿಸುವ ಬುದ್ಧಿಯೂ ಅವತ್ತಿನಿಂದಲೇ ಬಂತು. ಅಣ್ಣನ ಅನುಮಾನ ಊರಿನ ಉಪಯೋಗಕ್ಕೆ, ನನ್ನದು ನನ್ನ ಮನೆ ಮಟ್ಟಿಗೆ.

ಸಿಂಚನ ಲ್ಯಾಬ್ ಟೆಕ್ನಿಷಿಯನ್ ಓದಿ ನೆಲಮಂಗಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಹೋದ ವರ್ಷ ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ತಲೆ ಎತ್ತದೆ ಹೇಳಿದಳು.

"ಅಮ್ಮ, ನಾನೊಬ್ಬನ್ನ ಮದ್ವೆ ಆಗ್ಬೇಕು ಅಂತಿದ್ದೀನಿ. ಕಾಲೇಜಲ್ಲಿ ನನ್ ಜೊತೆ ಓದ್ದೋನು. ಲಿಂಬಾನಿ ಅಂತ. ಆಫ್ರಿಕಾದ ಮಲಾವಿ ದೇಶದೋನು."

ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಏನ್ ಮಾಡ್ಕೊಂಡಿದಾನೆ ಈಗ?" ಎಂದೆ.

ಅವಳು ಕಾಳಿನ ಜೊತೆಗೆ ಸಿಪ್ಪೆಯನ್ನೂ ಬಟ್ಟಲಿಗೆ ಹಾಕಿದಳು. ಆಗಲೇ ನನಗೆ ಗೊತ್ತಾಯಿತು, ಇನ್ನೂ ಏನೋ ಇದೆ ಅಂತ. ಒಂದೊಂದಾಗಿ ಹೊರಡಿಸಿದೆ. ಹುಡುಗ ಕೊನೆಯ ವರ್ಷ ಒಂದು ವಿಷಯದಲ್ಲಿ ಫೇಲಾಗಿದ್ದ. ಕಾಲೇಜಿನವರು ಆ ಕೋರ್ಸನ್ನೇ ಮುಚ್ಚಿ, ನೀನೀಗ ನಮ್ಮ ವಿದ್ಯಾರ್ಥಿಯಲ್ಲ ಎಂದುಬಿಟ್ಟರು, ವೀಸಾಕ್ಕೆ ಬೇಕಾದ ಪತ್ರ ಕೊಡಲಿಲ್ಲ. ಪತ್ರವಿಲ್ಲದೆ ವೀಸಾ ಮುಂದುವರಿಯಲಿಲ್ಲ. ವೀಸಾ ಮುಗಿದು ಹನ್ನೊಂದು ತಿಂಗಳಾಗಿತ್ತು. ಹುಡುಗ ಅರಿಶಿನಕುಂಟೆಯಲ್ಲಿ ಒಂದು ರೂಮು ಹಿಡಿದು, ಯಾರ ಕಣ್ಣಿಗೂ ಬೀಳದ ಹಾಗೆ ಕೂತಿದ್ದ.

ಮೈಯೆಲ್ಲ ಉರಿದುಹೋಯಿತು ನನಗೆ. "ಅವನಿಗೆ ಬೇಕಾಗಿರೋದು ಹೆಂಡ್ತಿ ಅಲ್ಲ ಕಣೇ, ಕಾಗದ. ಕಾಗದ ಸಿಕ್ಕಿದ ದಿನ ನಿಮ್ಮಪ್ಪನ ದಾರಿ ಹಿಡೀತಾನೆ."

"ಅವನು ಅಪ್ಪ ಅಲ್ಲ ಅಮ್ಮ," ಅಂದಳು. ಅಷ್ಟೇ. ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮಗಳು ನನ್ನ ಹಾಗೆ ಬೀದಿಪಾಲಾಗಬಾರದು ಎನ್ನುವುದೊಂದೇ ಆವಾಗ ನನ್ನ ತಲೆಯಲ್ಲಿದ್ದದ್ದು. ಮಾರನೆಯ ದಿನ ಅಣ್ಣನ ಮನೆಗೆ ಹೋಗಿ ಕೂತೆ. ಅಪ್ಪಯ್ಯಣ್ಣ ಎಲ್ಲವನ್ನೂ ಕೇಳಿ, ಕೂಗಾಡದೆ, ಹೆಗಲ ಮೇಲಿನ ಟವಲು ಕೊಡವಿ ಎದ್ದ.

"ಗಂಡಿನ ಮನೆ ನೋಡಣ ನಡಿ," ಎಂದ.

ಅರಿಶಿನಕುಂಟೆಯಲ್ಲಿ ಅವನು ನೆಟ್ಟಗೆ ರೂಮಿಗೆ ಹೋಗಲಿಲ್ಲ. ಮೊದಲು ಬೀದಿ ತುದಿಯ ಪಿಳ್ಳಣ್ಣನ ಅಂಗಡಿ. ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು, ಒಂದನ್ನು ಅಲ್ಲೇ ಸುಲಿದು ತಿನ್ನುತ್ತಾ, "ಆ ಕರೀ ಹುಡುಗ ಎಂಗವ್ನೆ?" ಎಂದು ವಿಚಾರಿಸಿದ.

"ಒಳ್ಳೆ ಹುಡ್ಗ ಕಣಣ್ಣೋ," ಎಂದ ಪಿಳ್ಳಣ್ಣ. "ಹಾಲು, ಮೊಟ್ಟೆ, ರಾಗಿಹಿಟ್ಟು, ಅಷ್ಟೇ ತಗಳದು. ಆದ್ರೆ ಪೊಲೀಸ್ ಜೀಪ್ ಕಂಡ್ರೆ ಮಾತ್ರ ನನ್ ಅಂಗಡಿ ಹಿಂದಕ್ಕೋಗಿ ನಿಂತ್ಕತಾನೆ."

ಅಣ್ಣ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಇಬ್ಬರಿಗೂ ಬೇಕಾದದ್ದು ಸಿಕ್ಕಿತ್ತು.

ರೂಮಿನ ಬಾಗಿಲು ತೆಗೆದ ಹುಡುಗ ಉದ್ದಕ್ಕಿದ್ದ, ಬಗ್ಗಿಯೇ ನಿಂತಿದ್ದ. "ಬನ್ನಿ ಆಂಟಿ, ಬನ್ನಿ ಅಂಕಲ್" ಎಂದು ಕನ್ನಡದಲ್ಲೇ ಕರೆದ. ನಾನು ಹೊಸ್ತಿಲಲ್ಲೇ ನಿಂತು ಕಣ್ಣಾಡಿಸಿದೆ. ಒಂದು ಚಾಪೆ, ಒಂದು ಸ್ಟೌವ್, ಎರಡು ತಟ್ಟೆ. ಎರಡನೆಯ ತಟ್ಟೆ ಯಾರಿಗೆ ಎಂದು ಮನಸ್ಸಿಗೆ ಬಂತು. ಬಾಗಿಲ ಪಕ್ಕ ತುಂಬಿದ ಸೂಟ್‌ಕೇಸು. ಅಪ್ಪಯ್ಯಣ್ಣನ ಕಣ್ಣು ಅದರ ಮೇಲೇ ಇತ್ತು.

"ಇದೇನಪ್ಪಾ, ಎಲ್ಗೋ ಹೊರಟ ಹಾಗಿದೆ?"

"ಬೀರು ಇಲ್ಲ ಅಂಕಲ್. ಇದೇ ನನ್ನ ಬೀರು," ಎಂದು ಹುಡುಗ ತೆಗೆದು ತೋರಿಸಿದ. ಮಡಿಸಿಟ್ಟ ಬಟ್ಟೆ, ಪುಸ್ತಕ, ಕಾಲೇಜಿಗೆ ಬರೆದ ಅರ್ಜಿಗಳ ಒಂದು ಕಟ್ಟು. ಆಮೇಲೆ ಟೀ ಮಾಡಿ ಕೊಟ್ಟ. ಮುದ್ದೆ ತಿಂತೀಯಾ ಎಂದು ಅಣ್ಣ ಕೇಳಿದ್ದಕ್ಕೆ, ತಮ್ಮೂರಿನಲ್ಲೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆಯ ಹಾಗೇ ಮಾಡುತ್ತಾರೆ, ಅಮ್ಮ ಮಾಡಿದ್ದು ಮೆತ್ತಗಿರುತ್ತದೆ ಎಂದ.

ಹೊರಗೆ ಬಂದ ಮೇಲೆ ಅಣ್ಣ, "ಮುದ್ದೆ ಕತೆ ನಮ್ಮನ್ನ ಮೆಚ್ಸಕ್ಕೆ ಕಲ್ತಿರೋದು," ಎಂದ. ನನಗೂ ಹಾಗೇ ಅನ್ನಿಸಿತ್ತು. ಆದರೆ ಟೀ ಚೆನ್ನಾಗಿತ್ತು, ಅದನ್ನು ಇಬ್ಬರೂ ಹೇಳಲಿಲ್ಲ.

ಅಲ್ಲಿಂದ ನೆಲಮಂಗಲದ ಕೋರ್ಟಿನ ಹತ್ತಿರ ಪರಿಚಯದ ಲಾಯರೊಬ್ಬರ ಬಳಿ ಹೋದೆವು. ಅವರು ಬಿಡಿಸಿ ಹೇಳಿದರು. ದೇವಸ್ಥಾನದಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಮುಗಿದ ವೀಸಾ ಸರಿಹೋಗುವುದಿಲ್ಲ. ರಿಜಿಸ್ಟರ್ ಮಾಡಿಸಲು ಹೋದರೆ ಮೊದಲು ವೀಸಾ ತೋರಿಸು ಅನ್ನುತ್ತಾರೆ. ವಿದೇಶಿಯರ ನೋಂದಣಿ ಕಚೇರಿಗೆ ಹೋಗಿ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ದೇಶ ಬಿಡಲು ಪರ್ಮಿಟ್ ತಗೊಳ್ಳುವುದೇ ನೆಟ್ಟಗಿನ ದಾರಿ.

"ಆದ್ರೆ ಒಂದು ಗೊತ್ತಿರ್ಲಿ," ಎಂದರು ಲಾಯರು. "ಹಿಂಗೆ ಹೋದೋರ್ಗೆ ಮತ್ತೆ ವೀಸಾ ಸಿಗೋದು ಕಷ್ಟ. ವರ್ಷಗಟ್ಲೆ ಒಳಗೆ ಬಿಡ್ದೇನೂ ಇರ್ಬೋದು. ಅವನು ಇದನ್ನ ತಿಳ್ಕೊಂಡು ಹೋಗ್ಬೇಕು."

ಬಸ್ಸು ಹತ್ತುವ ಮುಂಚೆ ಅಪ್ಪಯ್ಯಣ್ಣ ಹೇಳಿದ.

"ಲಕ್ಷ್ಮೀ, ಹಗ್ಗ ಬಿಚ್ಚಿಬಿಡಣ. ಹೋಗ್ಬಾ ಅನ್ನಣ. ನಿಜವಾದೋನಾದ್ರೆ ಬತ್ತಾನೆ."

"ಮತ್ತೆ ಲಾಯರು ಕಡೇಲಿ ಹೇಳಿದ್ದು?"

"ಅದನ್ನ ನಾವ್ಯಾಕೆ ಹೇಳಣ? ಬರದೆ ಹೋದ್ರೆ ನಿನ್ಗೇ ಒಳ್ಳೇದಲ್ವಾ."

ಇಷ್ಟು ವರ್ಷ ಅಣ್ಣ ಹಗ್ಗ ಬಿಚ್ಚಿದ ಯಾವ ಹಸುವಿಗೂ ಹಿಂದಿನಿಂದ ಗೇಟು ಹಾಕಿರಲಿಲ್ಲ. ಇದು ಮೋಸ ಎಂದು ನನಗೆ ಅಲ್ಲೇ, ಬಸ್ಸಿನ ಮೆಟ್ಟಿಲ ಮೇಲೇ ಗೊತ್ತಾಯಿತು. ಗೊತ್ತಾಗಿಯೂ ಹತ್ತಿ ಕೂತೆ.

ಮುಂದಿನ ಭಾನುವಾರ ಹುಡುಗನನ್ನು ನಮ್ಮ ಮನೆಗೆ ಕರೆಸಿದೆವು. ಸಿಂಚನ ಅವನ ಪಕ್ಕದಲ್ಲೇ ಕೂತಳು, ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. ಅಪ್ಪಯ್ಯಣ್ಣ ಪಂಚಾಯಿತಿಯಲ್ಲಿ ಕೂತವನಂತೆ ಗಂಟಲು ಸರಿಮಾಡಿಕೊಂಡ.

"ನೋಡಪ್ಪಾ. ಕದ್ದು ಬಾಳೋನಿಗೆ ನಾವು ಹೆಣ್ಣು ಕೊಡಲ್ಲ. ಕಚೇರಿಗೋಗಿ ತಪ್ಪು ಒಪ್ಕೊಂಡು ನಿಮ್ಮೂರಿಗೋಗು. ಹೊಸ ವೀಸಾ ತಗೊಂಡು ಬಾ. ಬಂದ ದಿನವೇ ನಿಶ್ಚಿತಾರ್ಥ."

ಹುಡುಗ ಸಿಂಚನಾಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಆಂಟಿ, ನೀವೂ ಹಾಗೇ ಹೇಳ್ತೀರಾ? ಹೋದ್ರೆ, ವಾಪಸ್ ಬರ್ಬೋದಾ?"

"ಹೂಂ," ಅಂದೆ.

ಎರಡು ತಿಂಗಳು ಕಚೇರಿಗೆ ಅಲೆದು ಹುಡುಗ ಪರ್ಮಿಟ್ ಪಡೆದ. ದೇವನಹಳ್ಳಿ ಏರ್‌ಪೋರ್ಟಿನ ಬಾಗಿಲಲ್ಲಿ ಅಣ್ಣನ ಕಾಲು ಮುಟ್ಟಿದ, ನನ್ನದೂ ಮುಟ್ಟಿದ. ಆ ಸೂಟ್‌ಕೇಸನ್ನು ಎಳೆದುಕೊಂಡು ಒಳಗೆ ಹೋದ. ಸಿಂಚನ ಅಳಲಿಲ್ಲ. ಅಳದೆ ಇದ್ದದ್ದು ನನಗೆ ಸರಿಕಾಣಲಿಲ್ಲ.

ಅವತ್ತಿನಿಂದ ನನ್ನ ಅನುಮಾನವೆಲ್ಲ ಮಗಳ ಮೇಲೆ ತಿರುಗಿತು. ಹುಡುಗ ದಿನಾ ಫೋನ್ ಮಾಡುತ್ತಿದ್ದ. ರಾತ್ರಿ ಊಟದ ಹೊತ್ತಿಗೆ ಇವಳು ಮಾತಾಡುತ್ತಿದ್ದಳು, ನಗುತ್ತಿದ್ದಳು. ನಾಲ್ಕು ತಿಂಗಳಾದ ಮೇಲೆ ಅವನ ವೀಸಾ ಅರ್ಜಿ ತಿರಸ್ಕಾರವಾಯಿತು ಎಂದು ಊಟಕ್ಕೆ ಕೂತಾಗ ಹೇಳಿದಳು. ಹೇಳಿ, ಸಾರು ಇನ್ನೊಂದು ಸೌಟು ಹಾಕಿಸಿಕೊಂಡಳು. ಇಷ್ಟು ಕಲ್ಲು ಮನಸ್ಸಿನವಳಲ್ಲ ನನ್ನ ಮಗಳು. ಅವಳ ಬ್ಯಾಗಿನಲ್ಲಿ ಕೈಯಾಡಿಸಿದೆ, ನಾಚಿಕೆಬಿಟ್ಟು. ಆಧಾರ್, ಮಾರ್ಕ್ಸ್‌ ಕಾರ್ಡಿನ ಜೆರಾಕ್ಸ್ ಸಿಕ್ಕಿತು. ಕೇಳುವ ಮುಖ ನನಗಿರಲಿಲ್ಲ.

ಅಪ್ಪಯ್ಯಣ್ಣ ಮಾತ್ರ ಡೇರಿಯ ಮುಂದೆ ಹಾಲಿನ ಕ್ಯಾನ್ ಇಟ್ಟುಕೊಂಡು, "ಹೋದ, ಬರ್ಲಿಲ್ಲ. ನಾನೇಳಿರ್ಲಿಲ್ವಾ?" ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ. ಎಂಟನೆಯ ಸಂಬಂಧ ಎಂದು ಲೆಕ್ಕಕ್ಕೂ ಸೇರಿಸಿಕೊಂಡ. ಆ ಮಾತು ಕಿವಿಗೆ ಬೀಳದಿರಲಿ ಎಂದು ನಾನು ಡೇರಿಯ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸ್ ಪೇದೆಯೊಬ್ಬರು ಬೈಕು ನಿಲ್ಲಿಸಿದರು. ನನಗೆ ವಾರದ ರಜೆ, ಅಣ್ಣನೂ ಬಂದು ಕೂತಿದ್ದ.

"ಸಿಂಚನ ಅನ್ನೋರ ಮನೆ ಇದೇನಾ? ಪಾಸ್‌ಪೋರ್ಟ್ ವೆರಿಫಿಕೇಷನ್. ನಿಮ್ ಬಗ್ಗೆ ಆ ಮೂಲೆ ಅಂಗಡೀಲಿ ಕೇಳ್ದೆ, ಒಳ್ಳೇ ಜನ ಅಂದ್ರು."

"ಅಂಗಡೀಲಿ ಕೇಳಿದ್ರಾ? ನಮ್ ಬಗ್ಗೆ?" ಅಪ್ಪಯ್ಯಣ್ಣನ ಮುಖ ಕೆಂಪಾಯಿತು. ಜನ್ಮದಲ್ಲಿ ಅವನ ಬಗ್ಗೆ ಯಾರೂ ಅಂಗಡಿಯಲ್ಲಿ ವಿಚಾರಿಸಿರಲಿಲ್ಲ.

ಪೇದೆಗೆ ನೀರು ತರುವ ನೆಪದಲ್ಲಿ ನಾನು ಒಳಗೆ ಹೋದೆ. ಬ್ಯಾಗಿನಲ್ಲಿ ಸಿಕ್ಕ ಜೆರಾಕ್ಸಿನ ಗುಟ್ಟು ಇದು. ಹಿಂದೆಯೇ ಬಂದ ಅಣ್ಣ ಕಿವಿಯ ಹತ್ತಿರ ಬಗ್ಗಿದ.

"ಅವನತ್ರ ಓಡೋಯ್ತಾವ್ಳೆ ಕಣೇ. ಹುಡುಗಿ ತಲೆ ಕೆಡ್ಸವ್ರೆ, ಯಾರೋ ಮೋಸ ಮಾಡಿ ಕರಸ್ಕತಾವ್ರೆ ಅಂತ ಒಂದ್ ಮಾತು ಹೇಳ್ಬಿಡು. ಅಲ್ಗೇ ನಿಂತೋಯ್ತದೆ."

ಒಂದೇ ಮಾತು. ಅವತ್ತು 'ಹೂಂ' ಅಂದದ್ದೂ ಒಂದೇ ಮಾತು. ನೀರಿನ ಚೆಂಬು ಹಿಡಿದು ನಿಂತಿದ್ದ ನನಗೆ ಅಣ್ಣನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ನನ್ನನ್ನು ಬಿಟ್ಟುಹೋದವನು ಸುಳ್ಳು ಹೇಳಿ ಹೋದ. ಈ ಹುಡುಗ ಹೋದದ್ದು ನನ್ನ ಸುಳ್ಳು ಕೇಳಿ.

"ನನ್ ಮಗಳೇನು ಹಸುವೇನಣ್ಣಾ, ನೀನು ಕಟ್ಟು ಅಂದ್ರೆ ಕಟ್ಟಕ್ಕೆ, ಬಿಚ್ಚು ಅಂದ್ರೆ ಬಿಚ್ಚಕ್ಕೆ?" ಎಂದು ಹೊರಗೆ ಬಂದೆ.

ಪೇದೆ ನೀರು ಕುಡಿದು, "ಹುಡುಗಿ ಯಾಕಮ್ಮ ಫಾರಿನ್ನಿಗೆ ಹೋಗ್ತಿರೋದು?" ಎಂದರು.

"ಮದ್ವೆಗೆ," ಅಂದೆ. "ಒಳ್ಳೆ ಹುಡುಗ. ಅವನ್ನ ವಾಪಸ್ ಬರೋಕೆ ಬಿಡಲ್ಲ ಅಂತ ನಮಗೆ ಗೊತ್ತಿದ್ದೂ, ಬರ್ಬೋದು ಅಂತ ಸುಳ್ಳು ಹೇಳಿ ನಾವೇ ಕಳಿಸಿದ್ವಿ. ಅದಕ್ಕೇ ಇವಳು ಹೋಗ್ತಾಳೆ. ಬರ್ಕೊಳ್ಳಿ."

ಪೇದೆ ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಅದ್ಕೆಲ್ಲ ಇದ್ರಲ್ಲಿ ಜಾಗ ಇಲ್ಲಮ್ಮ. ಕೇಸು ಗೀಸು ಏನಾದ್ರೂ ಇದ್ಯಾ ಹುಡುಗಿ ಮೇಲೆ?"

"ಅವಳ ಮೇಲೆ ಇಲ್ಲ."

ಅವರು ನನ್ನ ಸಹಿ ಹಾಕಿಸಿಕೊಂಡು, ಹುಡುಗಿ ಸ್ಟೇಷನ್ನಿಗೆ ಬಂದು ಸಹಿ ಹಾಕಲಿ ಎಂದು ಹೇಳಿ ಹೋದರು. ಅಪ್ಪಯ್ಯಣ್ಣ ಹೊರಬಂದು ಜಗಲಿಯ ಮೇಲೆ ಕೂತವನು ಸಂಜೆಯವರೆಗೂ ಏಳಲೇ ಇಲ್ಲ.

ಸಂಜೆ ಐದೂವರೆಗೆ ಸಿಂಚನ ಬಂದಳು. ಚಪ್ಪಲಿ ಬಿಡುವ ಮುಂಚೆಯೇ ಎಲ್ಲವನ್ನೂ ಹೇಳಿಬಿಟ್ಟೆ, ಲಾಯರು ಹೇಳಿದ್ದು, ನಾವು ಮುಚ್ಚಿಟ್ಟದ್ದು, ಎಲ್ಲ. ಕೂಗಾಡುತ್ತಾಳೆ ಎಂದು ಕಾದೆ. ಅವಳು ಕಂಬಕ್ಕೆ ಒರಗಿ ನಿಂತಳು.

"ಗೊತ್ತಿತ್ತಮ್ಮ. ಅವನು ಹನ್ನೊಂದ್ ತಿಂಗಳಿಂದ ಆ ರೂಲ್ಸೇ ಓದ್ಕೊಂಡು ಕೂತಿದ್ದ. ನಮ್ಮಿಬ್ರಿಗೂ ಗೊತ್ತಿತ್ತು."

"ಮತ್ತೆ ಯಾಕೆ ಹೋದ? ನನ್ನ ಯಾಕೆ ಕೇಳ್ದ?"

"ಅಂಗಡಿ ಹಿಂದೆ ನಿಂತ್ಕೊಳ್ಳೋದು ಅವನಿಗೆ ಸಾಕಾಗಿತ್ತು, ಅದಕ್ಕೆ ಹೋದ. ನೀನು ನಿಜ ಹೇಳ್ತೀಯಾ ಅಂತ ನೋಡೋಕೆ ಕೇಳ್ದ. ನೀನು ಹೂಂ ಅಂದ್ಯಲ್ಲ, ಅವತ್ತು ಹೊರಗೆ ಬಂದು, ನಿಮ್ಮಮ್ಮ ನಿಜ ಹೇಳ್ತಿಲ್ಲ ಅಂದ. ಇಲ್ಲ, ನಮ್ಮಮ್ಮಂಗೆ ಗೊತ್ತಿದ್ರೆ ಹೇಳೇ ಹೇಳ್ತಾಳೆ ಅಂತ ನಾನು ಜಗಳ ಆಡ್ದೆ." ಅಲ್ಲಿಯವರೆಗೆ ಗಟ್ಟಿಯಿದ್ದ ಅವಳ ದನಿ ಒಡೆಯಿತು. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಏಳು ತಿಂಗಳು ಕಾದೆ ಅಮ್ಮ."

ನಾವು ಹಗ್ಗ ಬಿಚ್ಚಿ ಯಾರನ್ನೋ ನೋಡುತ್ತಿದ್ದೇವೆ ಎಂದುಕೊಂಡಿದ್ದೆ. ಅಷ್ಟು ದಿನವೂ ಮನೆಯೊಳಗೇ ಒಬ್ಬಳು ನನ್ನನ್ನು ನೋಡುತ್ತಿದ್ದಳು. ಜಗಲಿಯಲ್ಲಿ ಅಪ್ಪಯ್ಯಣ್ಣ ಟವಲಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, "ಆ ಪಾಸ್‌ಪೋರ್ಟಿಗೆ ಏನೇನು ಬೇಕವ್ವಾ?" ಎಂದು ಕೇಳಿದ. ಸಿಂಚನ ಬಗ್ಗಿ ಚಪ್ಪಲಿ ಬಿಟ್ಟಳು.

ನಾನು ಸೆರಗಿಗೆ ಕೈ ಒರೆಸಿಕೊಂಡೆ. "ಅವನಿಗೆ ಫೋನ್ ಹಾಕು," ಅಂದೆ.

"ಏನಂತ ಹೇಳ್ತೀಯಾ?"

"ನೀನು ಜಗಳದಲ್ಲಿ ಸೋತೆ, ಅವನೇ ಗೆದ್ದ ಅಂತ."

ಅವಳು ನಂಬರ್ ಒತ್ತಿ, ಫೋನನ್ನು ನನ್ನ ಕೈಗೆ ಕೊಟ್ಟಳು.