ಅಟ್ಟದ ಮೇಲಿನ ಇನ್ನೂರು ವ್ಯಾಟ್

ಅಕ್ಕೋರ ಬಿಳಿ ತುರುಬಿನಲ್ಲಿ ಹೂವಿರಬೇಕಾದ ಜಾಗದಲ್ಲಿ ಟೆಸ್ಟರ್ ಇರುತ್ತಿತ್ತು. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತರಾಗಿ, ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ಓಣಿಯಲ್ಲಿ ಯಾರಾದರೂ ಹೊಸ ಇಸ್ತ್ರಿ ಪೆಟ್ಟಿಗೆ ತಂದರೆ ಕರೆಯದೇ ಹೋಗಿ, ಅದನ್ನು ಮಗುಚಿ, ಬೆನ್ನಿನ ಚೀಟಿ ಓದುವರು. "ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು, ಅಷ್ಟು ಹೇಳು. ಉಳಿದದ್ದು ತಾನ ಹೊರಗ ಬರತೈತಿ" ಎನ್ನುವುದು ಅವರ ಮಾತು. ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾದ ನಾನು, ಆ ಮಾತು ಶುರುವಾದ ಕೂಡಲೇ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಓಡುತ್ತಿದ್ದೆ.

ನಾನು ಮನೆಯ ಮುಂಭಾಗದಲ್ಲೇ ಖಾರ ಕುಟ್ಟುವ ಮಶಿನ್ ಹಾಕಿಕೊಂಡಿದ್ದೆ. ಒಂದು ಸುಗ್ಗಿಯಲ್ಲಿ ಅದು ಎಳೆಯಲೊಲ್ಲದಾಯಿತು. ಮೋಟರ್ ಹೋಗಿದೆ, ಹೊಸದು ಹಾಕಿ ಎಂದ ರಿಪೇರಿಯವನು. ನಾನೂ ಹೂಂ ಎಂದೆ. ಸುದ್ದಿ ಮುಟ್ಟಿದ ಕೂಡಲೇ ಅಕ್ಕೋರು ಮೀಟರ್ ಹಿಡಿದು ಬಂದರು; ಅಳೆಯದೆ ಹೂಂ ಅಂದದ್ದಕ್ಕೆ ಮೊದಲು ನನ್ನನ್ನು ಬೈದರು. ಮಶಿನ್ ಓಡುವಾಗ ಮೇನ್ ಬೋರ್ಡಿನಲ್ಲಿ ಇನ್ನೂರಾ ಮೂವತ್ತು ವೋಲ್ಟ್, ಮೋಟರಿನ ಹತ್ತಿರ ಇನ್ನೂರಾ ಹತ್ತು. ಕರೆಂಟ್ ಹತ್ತು ಆಂಪಿಯರ್. ಅವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ದಾರಿಯಲ್ಲಿ ಕಳೆದದ್ದು ಇಪ್ಪತ್ತು ವೋಲ್ಟ್. ಹತ್ತರಿಂದ ಭಾಗಿಸಿದರೆ ವೈರಿನ ರೆಸಿಸ್ಟೆನ್ಸ್ ಎರಡು ಓಮ್; ಇಷ್ಟು ಗಿಡ್ಡ ವೈರಿಗೆ ಅಷ್ಟು ಇರಬಾರದು. ಅದೇ ಇಪ್ಪತ್ತನ್ನು ಹತ್ತರಿಂದ ಗುಣಿಸಿದರೆ ಇನ್ನೂರು ವ್ಯಾಟ್.

"ಮೋಟರ್ ಚಲೋ ಐತಿ. ಇನ್ನೂರು ವ್ಯಾಟ್ ಎಲ್ಲೋ ನಡುದಾರ್ಯಾಗ ಸುಡಾಕತ್ತೈತಿ" ಎಂದವರು ಕೆಮ್ಮಿದರು. ನಾನೂ ಕೆಮ್ಮಿದೆ. ಈ ಘಾಟು ಎಷ್ಟು ದಿನದಿಂದ ಎಂದು ಕೇಳಿದರು. ನನಗೆ ನಗು ಬಂತು.

"ಅಕ್ಕೋರ, ಬ್ಯಾಡಗ್ಯಾಗ ಕೆಮ್ಮು ಯಾರು ಎಣಿಸ್ತಾರ್ರಿ?"

ಅವರು ನಗಲಿಲ್ಲ. ಮೇನ್ ಸ್ವಿಚ್ ಇಳಿಸಿ, ಸೆರಗು ಸಿಕ್ಕಿಸಿ, ಆ ವಯಸ್ಸಿನಲ್ಲಿ ಏಣಿ ಹತ್ತಿ, ಮೋಟರಿನ ವೈರು ಹಾಯ್ದಿದ್ದ ಅಟ್ಟಕ್ಕೆ ಹೋದರು. ಹಿಂದೆಯೇ ನಾನು. ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ವೈರಿನ ಜಾಯಿಂಟ್ ಕರಗಿತ್ತು. ಅದಕ್ಕೆ ಒತ್ತಿಕೊಂಡ ಚೀಲ ಕಂದಿ, ಒಳಗಿನ ಕಾಯಿ ಕರಕಲಾಗಿದ್ದವು. ಸರಿಯಾಗಿ ಅದರ ಕೆಳಗಿನ ಕೋಣೆಯಲ್ಲಿ, ಹಾಸಿಗೆ ಹಿಡಿದಿದ್ದ ನನ್ನ ಅತ್ತೆ ಮಲಗಿದ್ದರು. ವಾರದಿಂದ ಅವರು ಕೆಮ್ಮುತ್ತಿದ್ದರು, ನಾನು ಕಷಾಯ ಕುಡಿಸುತ್ತಿದ್ದೆ.

"ಮೂಗು ರೂಢಿಗೆ ಬೀಳತೈತಿ, ತಂಗಿ. ಲೆಕ್ಕ ಬೀಳಂಗಿಲ್ಲ" ಎಂದರು ಅಕ್ಕೋರು. ಹೊಸ ವೈರು ಎಳೆಸಿದ ಮೇಲೆ ಮೀಟರನ್ನು ನನ್ನ ಕೈಗೇ ಕೊಟ್ಟರು. ಭಾಗಾಕಾರ, ಗುಣಾಕಾರ ಎರಡೂ ಸರಿಬರುವವರೆಗೆ ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಮೂರು ಸಲ ತಪ್ಪಿದೆ. ಚಹಾ ಆರಿ ಕೆನೆ ಕಟ್ಟಿತು, ಅದನ್ನೇ ಕುಡಿದರು. ಮುಂದೆ ಅಂಥದೇ ಒಂದು ಮೀಟರ್ ನಾನೂ ಕೊಂಡೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅವರ ತಂಗಿ ಸೊಲ್ಲಾಪುರದಿಂದ ಬರಬೇಕಿತ್ತು, ಅಲ್ಲಿಯವರೆಗೆ ಎಂದು ಓಣಿಯವರು ಬಾಡಿಗೆಯ ಫ್ರೀಜರ್ ಪೆಟ್ಟಿಗೆ ತಂದು ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಪೆಟ್ಟಿಗೆಯ ವೈರು ಜಮಖಾನೆಯ ಕೆಳಗೆ ಹಾಯ್ದಿತ್ತು. ಮೇಲೆ ಹೆಂಗಸರು, ಮಕ್ಕಳು ಕೂತಿದ್ದರು. ನನ್ನ ಅಂಗಾಲಿಗೆ ಬೆಚ್ಚಗೆ ತಾಗಿತು. ಮನೆಗೆ ಓಡಿ ಮೀಟರ್ ತಂದೆ. ಹೆಣದ ಮುಂದೆ ಇದೇನು ಎಂದು ಯಾರೋ ಗೊಣಗಿದರು. ಕಳೆದದ್ದು ಹದಿನೈದು ವೋಲ್ಟ್, ಕರೆಂಟ್ ಮೂರು ಆಂಪಿಯರ್. ಐದು ಓಮ್, ನಲವತ್ತೈದು ವ್ಯಾಟ್. ಕಾಗದ ಬೇಕಾಗಲಿಲ್ಲ. ಎಲ್ಲರನ್ನೂ ಎಬ್ಬಿಸಿ, ದಪ್ಪ ವೈರು ಹಾಕಿ, ಮತ್ತೊಮ್ಮೆ ಅಳೆದು ನೋಡಿದೆ. ಆಮೇಲೆಯೇ ಅವರ ಕಾಲ ಹತ್ತಿರ ಕುಳಿತು ಮನಸಾರೆ ಅತ್ತುಬಿಟ್ಟೆ.